ಬೆಂಗಳೂರಿನಲ್ಲಿದ್ದುಕೊಂಡು ಕಯಾಕ್, ಕೆನೂ ಕಲಿಯುವುದು ಹೇಗೆ? ಮೊದಲು ಯಾವ ದೋಣಿ ಕೊಳ್ಳಬೇಕು?

ನೀವು ಕೇಳಿರುವುದು ಮೂರು ವಿಷಯ. ಕಯಾಕ್ ಒಳ್ಳೆಯದೋ ಕೆನೂ ಒಳ್ಳೆಯದೋ, ಈಜು ಅಷ್ಟಕ್ಕಷ್ಟೇ ಬಂದರೆ ಸಾಕೋ, ಆನ್‌ಲೈನ್‌ನಲ್ಲಿ ಗಾಳಿ ತುಂಬುವ ಕಯಾಕ್ ತರಿಸಿಕೊಂಡು ಹತ್ತಿರದ ಕೆರೆಯಲ್ಲಿ ಒಬ್ಬರೇ ಶುರು ಮಾಡಬಹುದೋ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಬೇಡ. ದೋಣಿ ನಡೆಸುವುದೇನೂ ಬ್ರಹ್ಮವಿದ್ಯೆಯಲ್ಲ, ಒಂದು ಬೆಳಗ್ಗೆ ಸಾಕು. ಆದರೆ ದಡದಿಂದ ದೂರ ಮಗುಚಿದ ದೋಣಿಯ ನೀರನ್ನು ಸುಲಭವಾಗಿ ಖಾಲಿ ಮಾಡಬೇಕೆಂದರೆ ಪಕ್ಕದಲ್ಲಿ ಇನ್ನೊಂದು ದೋಣಿ ಇರಬೇಕು. ಒಳಗೆ ತಡೆಗೋಡೆ ಇಲ್ಲದ ಸಾಮಾನ್ಯ ಕಯಾಕ್ ಮಗುಚಿದರೆ ನೂರು ಲೀಟರಿಗೂ ಹೆಚ್ಚು ನೀರು ತುಂಬುತ್ತದೆ, ಅಂದರೆ ನೂರು ಕಿಲೋಗೂ ಹೆಚ್ಚು ಭಾರ. ನೀರಲ್ಲಿ ತೇಲುತ್ತಾ ಅದನ್ನು ಒಬ್ಬರೇ ಎತ್ತಲಾಗದು. ಹಾಗಾಗಿ ಈ ಆಟದಲ್ಲಿ ಜೊತೆಗಾರರು ಸಲಕರಣೆಯ ಪಟ್ಟಿಯಲ್ಲೇ ಬರುತ್ತಾರೆ.

ಈಗ ಕಯಾಕ್ ಮತ್ತು ಕೆನೂ. ಕಯಾಕ್‌ನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುತ್ತೀರಿ, ಪ್ಯಾಡಲ್‌ಗೆ ಎರಡೂ ತುದಿಯಲ್ಲಿ ಅಲಗು. ಕೆನೂನಲ್ಲಿ ಮಂಡಿಯೂರುತ್ತೀರಿ ಅಥವಾ ಎತ್ತರದ ಹಲಗೆಯ ಮೇಲೆ ಕೂರುತ್ತೀರಿ, ಪ್ಯಾಡಲ್‌ಗೆ ಒಂದೇ ಅಲಗು. ನಮ್ಮ ಹರಿಗೋಲಿನ ಅಂಬಿಗರ ಕೈ ನೋಡಿದವರಿಗೆ ಕೆನೂ ಅರ್ಧ ಪರಿಚಿತವೇ. ಅವರು ಹುಟ್ಟನ್ನು ಮುಂದೆ ನೀರೊಳಗೆ ಎಂಟರ ಆಕಾರದಲ್ಲಿ ಆಡಿಸಿ ಹರಿಗೋಲನ್ನು ತಮ್ಮತ್ತ ಎಳೆದುಕೊಳ್ಳುತ್ತಾರಲ್ಲ, ಕೆನೂವನ್ನು ಪಕ್ಕಕ್ಕೆ ಸರಿಸುವ ಸ್ಕಲ್ಲಿಂಗ್ ಹೊಡೆತದ ತತ್ವವೂ ಅದೇ.

ಕಯಾಕ್‌ನಲ್ಲಿ ಮೊದಲ ದಿನವೇ ಹೆಚ್ಚುಕಡಿಮೆ ನೇರ ಹೋಗಬಹುದು. ಕೆನೂನಲ್ಲಿ ಒಬ್ಬರೇ ಒಂದೇ ಪಕ್ಕ ಹುಟ್ಟು ಹಾಕಿದರೆ ದೋಣಿ ಇನ್ನೊಂದು ಪಕ್ಕಕ್ಕೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ಜೆ ಸ್ಟ್ರೋಕ್ ಬೇಕು. ಹೊಡೆತದ ಕೊನೆಯಲ್ಲಿ, ಅಲಗು ಸೊಂಟ ದಾಟುವಾಗ, ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖ ಮಾಡಿ ಅಲಗನ್ನು ದೋಣಿಯಿಂದ ಹೊರಕ್ಕೆ ಸ್ವಲ್ಪ ತಳ್ಳಬೇಕು. ಹೆಬ್ಬೆರಳು ಮೇಲಕ್ಕೆ ತಿರುಗಿದರೆ ಅದು ಬ್ರೇಕ್ ಆಗುತ್ತದೆ, ದೋಣಿ ನಿಧಾನವಾಗುತ್ತದೆ. ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಕೆನೂವನ್ನು ಮೊದಲು ಇಬ್ಬರು ಕೂರುವ ದೋಣಿಯಲ್ಲಿ ಕಲಿಯಿರಿ. ಮುಂದೆ ಕೂತವರು ಲಯ ಹಿಡಿಯಲಿ, ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಲಿ, ಅರ್ಧ ಗಂಟೆಗೊಮ್ಮೆ ದಡಕ್ಕೆ ಬಂದು ಜಾಗ ಬದಲಿಸಿಕೊಳ್ಳಿ. ನನ್ನ ಮಟ್ಟಿಗೆ ಇಬ್ಬರ ಕೆನೂ ಕಲಿಸುವಷ್ಟು ಬೇಗ ಇನ್ನಾವ ದೋಣಿಯೂ ನೀರಿನ ಅರಿವು ಕಲಿಸುವುದಿಲ್ಲ.

ದೋಣಿಗಳನ್ನು ಪರೀಕ್ಷಿಸಿ ನೋಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರು ಒಂದು ಸುತ್ತು ಹೊಡೆದು ‘ಇದು ಅಲ್ಲಾಡುತ್ತದೆ, ಬೇಡ’ ಎಂದು ಇಳಿದುಬಿಡುತ್ತಾರೆ. ಮೊದಲ ಹತ್ತು ನಿಮಿಷದ ಅಲುಗಾಟದಿಂದ ದೋಣಿಯ ಬಗ್ಗೆ ಏನೂ ತಿಳಿಯದು. ಅಲ್ಲಾಡುತ್ತಿರುವುದು ನಿಮ್ಮ ಬಿಗಿಯಾದ ಸೊಂಟ. ಅಗಲವಾದ, ತಳ ಚಪ್ಪಟೆಯಾದ ದೋಣಿ ನಿಂತ ನೀರಲ್ಲಿ ಕಲ್ಲಿನಂತಿರುತ್ತದೆ, ಆದರೆ ಪಕ್ಕದಿಂದ ಅಲೆ ಬಂದಾಗ ಅಲೆಯ ಜೊತೆಗೇ ವಾಲುತ್ತದೆ. ಕಿರಿದಾದ, ತಳ ದುಂಡಗಿನ ದೋಣಿ ಕೂತ ಕೂಡಲೇ ನಡುಗುತ್ತದೆ, ಆದರೆ ಓರೆಯಾಗಿಸಿದಾಗ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆ ಹಂತ ಎಲ್ಲಿದೆ ಎಂದು ಸೊಂಟದಷ್ಟು ನೀರಲ್ಲಿ, ಯಾರಾದರೂ ದೋಣಿಯ ಮೂತಿ (ಮುಂತುದಿ) ಹಿಡಿದಿರುವಾಗ, ಸೊಂಟದಿಂದ ವಾಲಿಸಿ ನೋಡಿ. ತಲೆ ಮಾತ್ರ ದೋಣಿಯ ನಡುಗೆರೆಯ ಮೇಲೇ ಇರಲಿ. ತಲೆ ಹೊರಗೆ ವಾಲಿದರೆ ದೇಹವೂ ಹಿಂದೆಯೇ ಹೋಗುತ್ತದೆ.

ಕೂರುವ ಮುನ್ನ ಪಾದದ ಆಸರೆಗಳನ್ನು ಸರಿಹೊಂದಿಸಿ. ಪಾದದ ಮುಂಭಾಗ ಒತ್ತಿದಾಗ ಮಂಡಿ ಸ್ವಲ್ಪ ಮಡಚಿ ತೊಡೆಯ ಆಸರೆಗೆ ತಾಗಬೇಕು. ಕಾಲು ಪೂರ್ತಿ ನೀಡಿಕೊಂಡರೆ ಇಪ್ಪತ್ತು ನಿಮಿಷದಲ್ಲಿ ಬೆನ್ನು ಹಿಡಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ, ಆಮೇಲೆ ಬೈಗುಳ ದೋಣಿಗೆ. ನಂತರ ಹತ್ತು ಹೊಡೆತ ಹಾಕಿ ಕೈ ನಿಲ್ಲಿಸಿ. ದೋಣಿ ಎಷ್ಟು ದೂರ ಜಾರುತ್ತದೆ, ಎತ್ತ ತಿರುಗುತ್ತದೆ ನೋಡಿ. ಎರಡೂವರೆ ಮೀಟರಿನ ನದಿ ಕಯಾಕ್ ಕೂಡಲೇ ಗಿರ್ರನೆ ತಿರುಗುತ್ತದೆ, ಅದು ದೋಷವಲ್ಲ, ಬಂಡೆಗಳ ನಡುವೆ ತಿರುಗಲೆಂದೇ ಅದನ್ನು ಮಾಡಿರುವುದು. ನಾಲ್ಕೂವರೆ, ಐದು ಮೀಟರಿನ ಟೂರಿಂಗ್ ಕಯಾಕ್ ನೇರ ಓಡುತ್ತದೆ, ತಿರುಗಿಸಲು ಮೂತಿಯಿಂದ ಹಿಂಭಾಗದವರೆಗೆ ಉದ್ದ ಕಮಾನಿನ ಹೊಡೆತ ಹಾಕಬೇಕು. ಆಮೇಲೆ ಗಾಳಿಗೆ ಅಡ್ಡಲಾಗಿ ಸಾಗಿ ನೋಡಿ. ಸಾಗುತ್ತಿರುವ ಕಯಾಕ್‌ನ ಮೂತಿ ಸಾಮಾನ್ಯವಾಗಿ ಗಾಳಿಯ ಕಡೆಗೇ ತಿರುಗುತ್ತದೆ. ಅದನ್ನು ತಡೆಯಲೆಂದೇ ಹಿಂದೆ ಸ್ಕೆಗ್ (ತಳದಿಂದ ನೀರಿಗೆ ಇಳಿಯುವ ರೆಕ್ಕೆ) ಅಥವಾ ಚುಕ್ಕಾಣಿ ಇರುವುದು. ಕೊನೆಯ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ: ಪಾರ್ಕಿಂಗ್‌ನಿಂದ ನೀರಿನವರೆಗೆ ದೋಣಿಯನ್ನು ನೀವೇ ಹೊತ್ತು ನೋಡಿ. ಪ್ಲಾಸ್ಟಿಕ್ ಸಿಟ್-ಆನ್-ಟಾಪ್, ಅಂದರೆ ಒಳಗಲ್ಲದೆ ಮೇಲೆ ಕೂರುವ ಕಯಾಕ್, ಸುಮಾರು ಇಪ್ಪತ್ತೈದು ಕಿಲೋ ತೂಗುತ್ತದೆ.

ಪ್ಯಾಡಲ್ ವಿಷಯದಲ್ಲಿ ಎಪ್ಪತ್ತು ಸೆಂ.ಮೀ.ಗಿಂತ ಅಗಲದ ಕಯಾಕ್‌ಗೆ ಸುಮಾರು 230 ಸೆಂ.ಮೀ., ಅರವತ್ತರ ಆಸುಪಾಸಿನ ಅಗಲಕ್ಕೆ 215ರಿಂದ 220 ಸೆಂ.ಮೀ. ಹಿಡಿಯಿರಿ. ಅಗಲದ ದೋಣಿಗೆ ಗಿಡ್ಡ ಪ್ಯಾಡಲ್ ಹಿಡಿದರೆ ಗೆಣ್ಣು ಅಂಚಿಗೆ ಉಜ್ಜಿ ಸಿಪ್ಪೆ ಸುಲಿಯುತ್ತದೆ. ಪ್ಯಾಡಲನ್ನು ತಲೆಯ ಮೇಲಿಟ್ಟು ಮೊಣಕೈ ಲಂಬಕೋನಕ್ಕೆ ಬರುವಂತೆ ಹಿಡಿದರೆ ಕೈಗಳ ಅಂತರ ಸರಿ. ಅಲಗಿನ ಒಳಬಾಗಿದ ಮುಖ ನಿಮ್ಮ ಕಡೆ, ಉದ್ದನೆಯ ಅಂಚು ಮೇಲೆ. ಪಾದದ ಪಕ್ಕದಲ್ಲಿ ಅಲಗನ್ನು ಪೂರ್ತಿ ಮುಳುಗಿಸಿ, ತೋಳಿನಿಂದಲ್ಲ, ಮುಂಡ ತಿರುಗಿಸಿ ಎಳೆಯಿರಿ, ಸೊಂಟದ ಹತ್ತಿರ ಮೇಲಕ್ಕೆತ್ತಿ. ಸೊಂಟ ದಾಟಿ ಎಳೆದರೆ ನೀರನ್ನು ಮೇಲಕ್ಕೆ ಎತ್ತಿದಂತಾಗುತ್ತದೆ, ದೋಣಿಯ ಮೂತಿಯೂ ಅಡ್ಡಕ್ಕೆ ಹೊರಳುತ್ತದೆ. ಮಣಿಕಟ್ಟು ನೋಯುತ್ತಿದ್ದರೆ ಹಿಡಿತ ಬಿಗಿಯಾಗಿದೆ ಎಂದರ್ಥ. ತಳ್ಳುವ ಕೈಯ ಬೆರಳುಗಳು ಸಡಿಲವಾಗಿರಲಿ.

ಈಜಿನ ಬಗ್ಗೆ. ನೀವು ಉದ್ದನೆಯ ಲ್ಯಾಪ್ ಈಜಬೇಕಿಲ್ಲ, ಆದರೆ ಮುಖ ನೀರಲ್ಲಿ ಮುಳುಗಿದಾಗ ಗಾಬರಿ ಆಗಬಾರದು. ಬಡಾವಣೆಯ ಈಜುಕೊಳದಲ್ಲಿ ತರಬೇತುದಾರರ ಎದುರು ತೇಲುವುದನ್ನೂ ಉಸಿರು ಬಿಡುವುದನ್ನೂ ಅಭ್ಯಾಸ ಮಾಡಿಕೊಂಡು ಬನ್ನಿ. ಲೈಫ್ ಜಾಕೆಟ್ ಹಾಕಿ ಎಲ್ಲ ಪಟ್ಟಿ ಬಿಗಿದ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎತ್ತಲಿ. ಅದು ಗಲ್ಲ ದಾಟಿ ಬಂದರೆ ಅಳತೆ ತಪ್ಪಿದೆ. ಸಡಿಲ ಜಾಕೆಟ್ ನೀರಲ್ಲಿ ಮೇಲೆದ್ದು ಮುಖ ಮುಚ್ಚುತ್ತದೆ.

ಮೊದಲ ದಿನವೇ ಬೇಕೆಂದೇ ಮಗುಚಿ. ಸ್ಪ್ರೇ ಸ್ಕರ್ಟ್ (ನೀರು ಒಳಬರದಂತೆ ಸೊಂಟದ ಸುತ್ತ ಕಯಾಕ್‌ನ ಬಾಯಿ ಮುಚ್ಚುವ ಹೊದಿಕೆ) ಇದ್ದರೆ ಮುಂದಕ್ಕೆ ಬಾಗಿ ಅದರ ಕುಣಿಕೆ ಎಳೆಯಿರಿ, ಎರಡೂ ಕೈಯಿಂದ ಅಂಚನ್ನು ತಳ್ಳಿ ಪ್ಯಾಂಟು ಕಳಚುವಂತೆ ದೋಣಿಯಿಂದ ಜಾರಿ ಹೊರಬನ್ನಿ. ಹಿಂದಕ್ಕೆ ವಾಲಿದರೆ ತೊಡೆ ಸಿಕ್ಕಿಕೊಳ್ಳುತ್ತದೆ, ಮುಖವೂ ಬಂಡೆಯ ಕಡೆಗಿರುತ್ತದೆ. ಹೊರಬಂದ ಮೇಲೆ ದೋಣಿ ಮತ್ತು ಪ್ಯಾಡಲ್ ಬಿಡಬೇಡಿ. ಜೊತೆಗಾರರು ನಿಮ್ಮ ದೋಣಿಯ ಮೂತಿಗೆ ಅಡ್ಡಲಾಗಿ ಬರುತ್ತಾರೆ. ನೀವು ಹಿಂಭಾಗ ಒತ್ತಿ, ಅವರು ಮೂತಿಯನ್ನು ತಮ್ಮ ದೋಣಿಯ ಮೇಲೆ ಎಳೆದುಕೊಳ್ಳಲಿ. ನೀರು ಸುರಿದುಹೋದ ಮೇಲೆ ದೋಣಿಯನ್ನು ನೆಟ್ಟಗೆ ಮಾಡಿ ಪಕ್ಕಕ್ಕೆ ತಂದು, ಒಂದರ ಮೂತಿ ಇನ್ನೊಂದರ ಹಿಂಭಾಗಕ್ಕೆ ಬರುವಂತೆ ಜೋಡಿಸಿ ಅವರು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಾರೆ. ನೀವು ಕಾಲು ಬಡಿದು ಹೊಟ್ಟೆಯ ಮೇಲೆ ಹಿಂಭಾಗಕ್ಕೆ ಹತ್ತಿ, ಕಾಲು ಒಳಗಿಟ್ಟು ಹೊರಳಿ ಕೂರಿ. ಸಿಟ್-ಆನ್-ಟಾಪ್‌ನಲ್ಲಿ ಇಷ್ಟೆಲ್ಲ ಬೇಕಿಲ್ಲ. ಮೊದಲು ಹೊಟ್ಟೆ, ಆಮೇಲೆ ಕುಂಡೆ, ಕೊನೆಗೆ ಕಾಲು. ಈಜು ಅರೆಬರೆ ಇರುವವರಿಗೆ ನಾನು ಅದನ್ನೇ ಮೊದಲ ದೋಣಿಯಾಗಿ ಹೇಳುವುದು ಇದೇ ಕಾರಣಕ್ಕೆ.

ಎಲ್ಲಿ ಇಳಿಯುವುದು? ಹಲಸೂರು, ಸ್ಯಾಂಕಿಯಂಥ ಊರೊಳಗಿನ ಕೆರೆಗಳಿಗೆ ಸ್ವಂತ ದೋಣಿ ಹೊತ್ತುಕೊಂಡು ಹೋಗಿ ಇಳಿಸುವಂತಿಲ್ಲ. ಕೆರೆಯ ಉಸ್ತುವಾರಿ ಹೊತ್ತ ಸಂಸ್ಥೆಯ ಅನುಮತಿ ಬೇಕು. ಕೊಳಚೆ ಸೇರುವ ಕೆರೆಗಳಲ್ಲಿ ಮಗುಚುವ ಅಭ್ಯಾಸವಂತೂ ಬೇಡವೇ ಬೇಡ, ಕಿವಿಯ ಸೋಂಕು, ಇಲಿಜ್ವರ ಎರಡಕ್ಕೂ ಅದು ದಾರಿ. ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಊರಿನ ಕುಡಿಯುವ ನೀರಿಗೆಂದೇ ಕಟ್ಟಿದ್ದು, ಅದರ ಕೆಳಗೆ ಅರ್ಕಾವತಿಯ ಮೇಲೇ ಇರುವ ಮಂಚನಬೆಲೆಯಲ್ಲಿ ಮುಳುಗಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅಲ್ಲಿ ತರಬೇತುದಾರರಿಲ್ಲದೆ, ಅನುಮತಿಯಿಲ್ಲದೆ ಇಳಿಯಬೇಡಿ.

ಕಲಿಯಲು ಸುಮಾರು ನೂರು ಕಿ.ಮೀ. ದೂರದ ಭೀಮೇಶ್ವರಿ ಒಳ್ಳೆಯ ಆರಂಭ. ಕಾವೇರಿ ದಂಡೆಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರದಲ್ಲಿ ಕಯಾಕ್, ಹರಿಗೋಲು ಎರಡೂ ಸಿಗುತ್ತವೆ. ನಾಲ್ಕು ದಿನ ರಜೆ ಇದ್ದರೆ ಸಾಗರ ತಾಲ್ಲೂಕಿನ ಹೊನ್ನೆಮರಡುವಿಗೆ ಹೋಗಿ. ಲಿಂಗನಮಕ್ಕಿಯ ಹಿನ್ನೀರು, ನಡುವೆ ನಡುಗಡ್ಡೆಗಳು, ಹರಿವಿಲ್ಲದ ವಿಶಾಲ ನೀರು. ಕೆನೂ ಕಲಿಯಲು ಕರ್ನಾಟಕದಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಜಾಗ ಇಲ್ಲ. ಉಪ್ಪುನೀರಿನ ಅಳಿವೆ ನೋಡಬೇಕಾದರೆ ಮೂಲ್ಕಿಯ ಶಾಂಭವಿ ನದಿ. ಅಲ್ಲಿ ಭರತ ಇಳಿತದ ವೇಳೆ ನೋಡಿಕೊಂಡು ಹೊರಡಬೇಕು, ಇಳಿತದಲ್ಲಿ ಅಳಿವೆಬಾಯಿಯ ಹತ್ತಿರ ಹೋದರೆ ನೀರು ಸಮುದ್ರಕ್ಕೆ ಎಳೆಯುತ್ತದೆ. ದಾಂಡೇಲಿಯ ಕಾಳಿ ನದಿ ಬಿಳಿನೀರಿನ, ಅಂದರೆ ಬಂಡೆಗಳ ನಡುವೆ ನೊರೆಯೆದ್ದು ರಭಸದಿಂದ ಹರಿಯುವ ನೀರಿನ ಜಾಗ. ಅಲ್ಲಿನ ಹರಿವು ಸೂಪಾ ಜಲಾಶಯದಿಂದ ವಿದ್ಯುತ್ತಿಗಾಗಿ ಬಿಡುವ ನೀರನ್ನು ನೆಚ್ಚಿಕೊಂಡಿದೆ, ಹೊಸಬರ ಮೊದಲ ಪಾಠಕ್ಕೆ ಅಲ್ಲ.

ಗಾಳಿಯ ಲೆಕ್ಕ ಇಟ್ಟುಕೊಳ್ಳಿ. ಬೆಂಗಳೂರಿನ ಸುತ್ತ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು, ಅಂಚು ಎತ್ತರವಿರುವ ಕೆನೂ ಆಗ ಎಲೆಯಂತೆ ಹಾರಿಹೋಗುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಬೆಳಗಿನ ಆರರಿಂದ ಒಂಬತ್ತು ಉತ್ತಮ. ಗಂಟೆಗೆ ಹದಿನೈದು ಕಿ.ಮೀ. ಮೀರಿ ಗಾಳಿಯಿದ್ದರೆ ಹೊಸಬರು ದಡದಲ್ಲೇ ಇರಲಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಗಾಳಿ ನಿಮ್ಮ ಬೆನ್ನಿಗಿರಲಿ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ದಡಕ್ಕೆ ಬನ್ನಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಿರಿ. ನದಿಯಲ್ಲಿ ಕಟ್ಟೆಯ ಮೇಲಿಂದ ನೀರು ಬೀಳುವ ಜಾಗದ ಹತ್ತಿರ ಎಂದಿಗೂ ಹೋಗಬೇಡಿ. ಬಿದ್ದ ನೀರು ಅಲ್ಲೇ ಹಿಂದಕ್ಕೆ ಸುತ್ತುತ್ತಾ ತೇಲುವ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಲೈಫ್ ಜಾಕೆಟ್ ಇದ್ದವರನ್ನೂ. ಹರಿವಿನಲ್ಲಿ ಬಿದ್ದರೆ ಎದ್ದು ನಿಲ್ಲಲು ನೋಡಬೇಡಿ, ಬಂಡೆಯ ಸಂದಿಗೆ ಪಾದ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ಹರಿವಿನ ಕಡೆ ಚಾಚಿ ತೇಲಿ.

ಗುಂಪು ಹುಡುಕುವುದು ಕಷ್ಟವಲ್ಲ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಜಲಸಾಹಸ ಶಿಬಿರಗಳಲ್ಲಿ ಒಮ್ಮೆ ಪರಿಚಯವಾದವರು ಮುಂದಿನ ವಾರಾಂತ್ಯಕ್ಕೆ ತಾವೇ ಕರೆಯುತ್ತಾರೆ. ಪ್ಯಾಡಲ್ ಹಿಡಿಯುವವರು ದೋಣಿ ಹಂಚಿಕೊಳ್ಳುವುದರಲ್ಲಿ ಧಾರಾಳಿಗಳು, ‘ಇದರಲ್ಲಿ ಹತ್ತು ನಿಮಿಷ ಕೂತು ನೋಡಲೇ?’ ಎಂದು ಕೇಳಿದರೆ ಬೇಡವೆನ್ನುವವರು ಅಪರೂಪ. ನಿಮ್ಮಿಂದ ಬೇಕಾದ್ದು ಇಷ್ಟೇ: ನಿಮ್ಮ ದೋಣಿ ಮಾತ್ರವಲ್ಲ, ಎಲ್ಲರ ದೋಣಿಯೂ ಮೇಲೆ ಬರುವವರೆಗೆ ದಡದಲ್ಲಿರಿ. ಬಳಸಿದ್ದನ್ನು ತೊಳೆದು ಕೊಡಿ. ದೋಣಿಯ ಒಳಗಿನ ಗಿಡದ ಚೂರು ಒರೆಸಿ ತೆಗೆಯಿರಿ, ಕತ್ತೆಕಿವಿಯಂಥ ಕಳೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದು ಹೀಗೂ ಇದೆ. ನೀರಿನಲ್ಲಿ ಮುಂದಾಳನ್ನು ದಾಟಬೇಡಿ, ಕೊನೆಯಲ್ಲಿ ಬರುವವರಿಗಿಂತ ಹಿಂದೆ ಬೀಳಬೇಡಿ. ತಲೆಯ ಮೇಲೆ ಅಡ್ಡ ಹಿಡಿದ ಪ್ಯಾಡಲ್ ಎಂದರೆ ನಿಲ್ಲಿ, ನೆಟ್ಟಗೆ ಹಿಡಿದರೆ ದಾರಿ ಸುರಕ್ಷಿತ, ಬನ್ನಿ. ಒಂದು ಸೀಟಿ ಎಂದರೆ ಇತ್ತ ನೋಡಿ, ಮೂರು ಸೀಟಿ ಎಂದರೆ ಅಪಾಯ.

ಕೆಲವರಿಗೆ ಗುಂಪಿನಲ್ಲಿದ್ದಂತೆ ಸ್ಪರ್ಧೆಯ ರುಚಿ ಹತ್ತುತ್ತದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಇಬ್ಬರ ಕೆನೂ 1000 ಮೀಟರಿನಲ್ಲಿ ಕಂಚು ಗೆದ್ದರು, ಈ ಕ್ರೀಡೆಯಲ್ಲಿ 1994ರ ಹಿರೋಷಿಮಾ ಬಳಿಕ ನಮಗೆ ಬಂದ ಪದಕ ಅದು. ಆ ಕನಸಿದ್ದರೂ ಸ್ಪ್ರಿಂಟ್ ಕೆ-1 (ಒಬ್ಬರೇ ಕೂರುವ ಸ್ಪರ್ಧೆಯ ಕಯಾಕ್) ದೋಣಿಯನ್ನು ಮೊದಲ ತಿಂಗಳು ಮುಟ್ಟಬೇಡಿ. 5.2 ಮೀಟರ್ ಉದ್ದ, ಸೊಂಟದಷ್ಟೇ ಅಗಲ, 12 ಕಿಲೋ ತೂಕದ ಆ ದೋಣಿ ನಿಂತಲ್ಲಿ ನಿಲ್ಲುವುದೇ ಇಲ್ಲ.

ಕೊಳ್ಳುವ ಮಾತು. ಮೊದಲು ನಿಮ್ಮ ಅಳತೆಯ ಲೈಫ್ ಜಾಕೆಟ್, ಸೀಟಿ, ಆಮೇಲೆ ಪ್ಯಾಡಲ್. ದೋಣಿ ಆರು ತಿಂಗಳು ಕಾಯಲಿ. ಫ್ಲಾಟ್‌ನಲ್ಲಿರುವವರಿಗೆ ಮೂರು ಮೀಟರಿನ ಗಟ್ಟಿ ದೋಣಿ ಲಿಫ್ಟಿಗೆ ಹಿಡಿಯುವುದಿಲ್ಲ, ಹಾಗಾಗಿ ಗಾಳಿ ತುಂಬುವುದೇ ಆಯ್ಕೆ ಆಗಬಹುದು. ಡ್ರಾಪ್-ಸ್ಟಿಚ್ ತಳ (ಮೇಲಿನ ಕೆಳಗಿನ ಪದರಗಳನ್ನು ಒಳಗೆ ಒತ್ತಾದ ಎಳೆಗಳಿಂದ ಜೋಡಿಸಿದ್ದು) ಇರುವುದನ್ನೇ ನೋಡಿ, ಅದು ಎಂಟು ಹತ್ತು ಪಿಎಸ್‌ಐ ಒತ್ತಡ ತಡೆದು ಹಲಗೆಯಂತಾಗುತ್ತದೆ. ಬರೀ ಕೊಳವೆಗಳ ಅಗ್ಗದ ಮಾದರಿ ನಡುವೆ ಬಾಗಿ, ಗಾಳಿಯಲ್ಲಿ ಪಕ್ಕಕ್ಕೆ ಜಾರುತ್ತದೆ. ಪೂರ್ತಿ ಗಾಳಿ ತುಂಬಿ ಮಧ್ಯಾಹ್ನದ ಬಿಸಿಲಿನಲ್ಲಿ ದಡದ ಮೇಲೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ, ಊಟಕ್ಕೆ ಕೂರುವ ಮುನ್ನ ಸ್ವಲ್ಪ ಗಾಳಿ ಬಿಡಿ. ಬಳಸಿದ ಪ್ಲಾಸ್ಟಿಕ್ ಕಯಾಕ್ ಕೊಳ್ಳುವುದಾದರೆ ತಳದ ಗೀರುಗಳಿಗೆ ಹೆದರಬೇಡಿ. ತಗ್ಗುಗಳೂ ಬಿಸಿಲಿಗೆ ಇಟ್ಟರೆ ಬಹುಪಾಲು ಮೇಲೆದ್ದುಬಿಡುತ್ತವೆ. ನೋಡಬೇಕಾದ್ದು ಸೀಟಿನ ಕೆಳಗಿನ ಬಿರುಕು, ನೀರು ಬಿಡುವ ರಂಧ್ರಗಳ ಸುತ್ತಲಿನ ಬಿರುಕು, ಬಣ್ಣ ಮಾಸಿ ಪುಡಿಯುದುರುವ ಮೇಲ್ಮೈ. ಕಾರಿನ ಮೇಲೆ ಕಟ್ಟುವಾಗ ರ್‍ಯಾಚೆಟ್ ಪಟ್ಟಿ ಬೇಡ, ಅದರ ಹಲ್ಲುಚಕ್ರದ ಬಿಗಿತಕ್ಕೆ ದೋಣಿ ನೆಗ್ಗುತ್ತದೆ. ಕೈಯಿಂದ ಎಳೆದು ಬಿಗಿಯುವ ಕ್ಯಾಮ್ ಬಕಲ್ ಪಟ್ಟಿ ಎರಡು, ಮೂತಿಗೊಂದು ಬಾಲಕ್ಕೊಂದು ಹಗ್ಗ, ಕನಕಪುರ ರಸ್ತೆಯ ಹಂಪುಗಳಿಗೆ ಅಷ್ಟು ಸಾಕು.