ಮಜ್ಜಿಗೆಹುಲ್ಲಿನ ಎಣ್ಣೆ: ಎಷ್ಟು ಹನಿ, ಯಾವುದಕ್ಕೆ?

ಪ್ರಶ್ನೆ: ಮಂಡಿನೋವಿಗೆ ಲೆಮನ್‌ಗ್ರಾಸ್ (ಮಜ್ಜಿಗೆಹುಲ್ಲು) ಎಣ್ಣೆಯನ್ನು ಹಾಗೆಯೇ ಹಚ್ಚುತ್ತಿದ್ದೆ. ಎರಡು ವಾರ ಏನೂ ಆಗಲಿಲ್ಲ. ಈಗ ಹಚ್ಚಿದ ಜಾಗ ಕೆಂಪಾಗಿ ವಿಪರೀತ ತುರಿಕೆ. ಎಣ್ಣೆ ಕಲಬೆರಕೆ ಇರಬಹುದೇ?

ಉತ್ತರ: ಅಪ್ಪಟ ಎಣ್ಣೆಯಿಂದಲೂ ಹೀಗಾಗುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್. ನಿಂಬೆಯ ಪರಿಮಳ ಬರುವುದು ಅದರಿಂದಲೇ, ಚರ್ಮಕ್ಕೆ ಅಲರ್ಜಿ ತರುವುದೂ ಅದೇ. ಮೊದಮೊದಲು ಸುಮ್ಮನಿದ್ದ ದೇಹ ಒಮ್ಮೆ ಸಿಟ್ರಾಲನ್ನು ಶತ್ರುವೆಂದು ಗುರುತಿಸಿತೆಂದರೆ ಆಮೇಲೆ ಚೂರು ತಗುಲಿದರೂ ತುರಿಕೆ ಏಳುತ್ತದೆ, ಈ ಅಲರ್ಜಿ ವರ್ಷಗಟ್ಟಲೆ ಉಳಿಯಬಹುದು. ನೀವು ಈ ಎಣ್ಣೆಯನ್ನು ಬಿಟ್ಟುಬಿಡಿ, ತೆಳು ಮಾಡಿಯೂ ಹಚ್ಚಬೇಡಿ. ಸೋಪು, ಸುಗಂಧಗಳ ಲೇಬಲ್ಲಿನಲ್ಲಿ ‘ಸಿಟ್ರಾಲ್’ ಇದೆಯೇ ನೋಡಿ, ಇದ್ದರೆ ಕೊಳ್ಳಬೇಡಿ. ಗುಳ್ಳೆ ಎದ್ದರೆ ಚರ್ಮವೈದ್ಯರಿಗೆ ತೋರಿಸಿ. ಮಂಡಿನೋವು ಇದರಿಂದ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ, ತಿಕ್ಕಿದ್ದರಿಂದಲೇ ಹಿತವೆನಿಸಿರಬಹುದು.

ಅಲರ್ಜಿ ಇಲ್ಲದವರಿಗೆ ಲೆಕ್ಕ ಹೀಗೆ: ಮೈಗೆ ಹಚ್ಚುವ ಮಿಶ್ರಣದಲ್ಲಿ ಇದು ಶೇ 0.7 ಮೀರಬಾರದು. ನಮ್ಮ ಸಲಹೆ ಶೇ 0.5. ಅಂದರೆ 30 ಮಿ.ಲೀ. ಕೊಬ್ಬರಿ ಅಥವಾ ಎಳ್ಳೆಣ್ಣೆಗೆ 3 ಹನಿ. ಅಷ್ಟೇ ಎಣ್ಣೆಗೆ 15 ಹನಿ ಹಾಕಿ ಎನ್ನುವ ಪಾಕ ಎಲ್ಲೆಡೆ ಓಡಾಡುತ್ತಿದೆ. ಲ್ಯಾವೆಂಡರಿಗೆ ಸಲ್ಲುವ ಅಳತೆ ಇದಕ್ಕೆ ಸಲ್ಲದು. ಮೊದಲು ಮೊಣಕೈ ಒಳಮಡಿಕೆಗೆ ಈ ಮಿಶ್ರಣವನ್ನು ಒಂದಿಷ್ಟು ಸವರಿ 48 ಗಂಟೆ ಕಾಯಿರಿ. ಸ್ನಾನದ ನೀರಿಗೆ ಹನಿಸುವುದಂತೂ ಬೇಡ: ನೀರಿನಲ್ಲಿ ಬೆರೆಯದೆ ತೇಲಿ, ನೇರವಾಗಿ ಚರ್ಮಕ್ಕೇ ಅಂಟುತ್ತದೆ. ಗಾಳಿ, ಬೆಳಕು ತಾಗಿ ಹಳತಾದ ಎಣ್ಣೆ ಇನ್ನೂ ಹೆಚ್ಚು ಕೆರಳಿಸುವುದರಿಂದ ಕಡುಬಣ್ಣದ ಗಾಜಿನ ಬಾಟಲಿಯಲ್ಲಿ, ಮುಚ್ಚಳ ಬಿಗಿದು, ತಂಪಾದ ಕಡೆ ಇಡಿ.

ಪ್ರಶ್ನೆ: ಡಿಫ್ಯೂಸರಿಗೆ (ಎಣ್ಣೆ ಬೆರೆಸಿದ ನೀರನ್ನು ಮಂಜಾಗಿ ಹರಡುವ ಸಾಧನ) ಎಷ್ಟು ಹಾಕಬೇಕು? ಮನೆಯಲ್ಲಿ ಬೆಕ್ಕಿದೆ.

ಉತ್ತರ: 100 ಮಿ.ಲೀ. ನೀರಿಗೆ 2–3 ಹನಿ, ಅರ್ಧ ಗಂಟೆ, ಕಿಟಕಿ ತೆರೆದು. ಬೆಕ್ಕಿರುವ ಮನೆಯಲ್ಲಿ ಮಾತ್ರ ಡಿಫ್ಯೂಸರ್ ಹಚ್ಚದಿರುವುದೇ ಒಳ್ಳೆಯದು. ಇಂಥ ಎಣ್ಣೆಗಳ ಹಲವು ಅಂಶಗಳನ್ನು ಅದರ ಯಕೃತ್ತು ಬೇಗ ಹೊರಹಾಕಲಾರದು. ಮಂಜಿನ ಜೊತೆ ಹಾರಿದ ಎಣ್ಣೆ ತುಪ್ಪಳದ ಮೇಲೆ ಕೂರುತ್ತದೆ. ಮೈ ನೆಕ್ಕಿಕೊಂಡಾಗ ಹೊಟ್ಟೆಗೆ ಹೋಗುತ್ತದೆ. ಆಸ್ತಮಾ ಇರುವವರ ಕೋಣೆಯಲ್ಲೂ ಬೇಡ.

ಪ್ರಶ್ನೆ: ಹುಲ್ಲಿನ ಬದಲು ಚಹಾಕ್ಕೆ ಒಂದು ಹನಿ ಎಣ್ಣೆ ಹಾಕಬಹುದೇ?

ಉತ್ತರ: ಬೇಡ. ಎಲೆ ಕುದಿಸಿದಾಗ ನೀರಿಗಿಳಿಯುವ ಎಣ್ಣೆ ಬಲು ಅಲ್ಪ. ಬಾಟಲಿಯ ಹನಿ ಚಹಾದ ಮೇಲೆ ತೇಲಿ ಬಾಯಿ, ಗಂಟಲನ್ನು ಉರಿಸುತ್ತದೆ. ಮಕ್ಕಳ ಕೈಗೆ ಬಾಟಲಿ ಸಿಗದಂತೆ ನೋಡಿಕೊಳ್ಳಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲೇಬೇಡಿ. ಎಣ್ಣೆ ಶ್ವಾಸಕೋಶಕ್ಕೆ ನುಗ್ಗಿದರೆ ನ್ಯುಮೋನಿಯಾ ಆಗಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಒಯ್ಯಿರಿ.