ದಾನದ ಹಣದಲ್ಲಿ ಕಂಪನಿಗೂ ಪಾಲೇ?

ಪ್ರಶ್ನೆ: ಬ್ರಿಟನ್ನಿನಲ್ಲಿರುವ ಮಗಳು ಒಂದು ಸೇವಾಸಂಸ್ಥೆಗಾಗಿ ಮ್ಯಾರಥಾನ್ ಓಡುತ್ತಿದ್ದು, ಜಸ್ಟ್‌ಗಿವಿಂಗ್ ಎಂಬ ದೇಣಿಗೆ ಸಂಗ್ರಹದ ಜಾಲತಾಣದ ಮೂಲಕ ದೇಣಿಗೆ ಕೊಡಿ ಎಂದಿದ್ದಾಳೆ. ಅದು ಲಾಭದ ಕಂಪನಿಯಂತೆ, ನಿಜವೇ?
– ಓದುಗರು, ಧಾರವಾಡ

ಉತ್ತರ: ನಿಜ. ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿ 2017ರಲ್ಲಿ ಅದನ್ನು ಕೊಂಡುಕೊಂಡಿತು. ಬಹುಕಾಲ ಪ್ರತಿ ದೇಣಿಗೆಯಿಂದ ಶೇ 5ರಷ್ಟನ್ನು ಮುರಿದುಕೊಳ್ಳುತ್ತಿದ್ದ ಜಸ್ಟ್‌ಗಿವಿಂಗ್, 2019ರಲ್ಲಿ ಬ್ರಿಟನ್ನಿನ ಸೇವಾಸಂಸ್ಥೆಗಳಿಗೆ ಆ ಶುಲ್ಕವನ್ನು ಕೈಬಿಟ್ಟು, ದಾನಿಗಳು ಇಷ್ಟಪಟ್ಟರೆ ಕೊಡಬಹುದಾದ ‘ಟಿಪ್’ ಪದ್ಧತಿಯನ್ನು ತಂದಿತು. ಇಷ್ಟಪಟ್ಟರೆ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಹಣ ಪಾವತಿಸುವ ಪುಟದಲ್ಲಿ ಟಿಪ್ ಮೊತ್ತ ಮೊದಲೇ ಸೇರಿಕೊಂಡಿದ್ದರೆ ಅದನ್ನು ಸೊನ್ನೆಗೆ ಇಳಿಸುವ ಹಕ್ಕು ನಿಮ್ಮದು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಕಾರ್ಡ್ ಪಾವತಿಯ ನಿರ್ವಹಣಾ ವೆಚ್ಚ ಇದಕ್ಕಿಂತ ಬೇರೆ.

ಲಾಭದ ಕಂಪನಿ ಎಂದಮಾತ್ರಕ್ಕೆ ಮೋಸವೆಂದು ನಾನು ಹೇಳಲಾರೆ. ಲಾಭಾಪೇಕ್ಷೆಯಿಲ್ಲದೆ ನಡೆಯುತ್ತಿದ್ದ ಇಂಥದ್ದೇ ಜಾಲತಾಣ ವರ್ಜಿನ್ ಮನಿ ಗಿವಿಂಗ್ 2021ರಲ್ಲಿ ಬಾಗಿಲು ಮುಚ್ಚಿತು, ಆಗ ಸೇವಾಸಂಸ್ಥೆಗಳು ಬೇರೆ ವೇದಿಕೆಗಳನ್ನು ಹುಡುಕಿಕೊಳ್ಳಬೇಕಾಯಿತು.

ಇನ್ನೊಂದು ವಿಷಯ: ದೇಣಿಗೆಯ ಪ್ರತಿ ಪೌಂಡಿಗೆ ಅಲ್ಲಿನ ಸರ್ಕಾರ 25 ಪೆನ್ಸ್ ಸೇರಿಸುವ ಗಿಫ್ಟ್ ಏಡ್ ಸೌಲಭ್ಯ ಬ್ರಿಟನ್ನಿನ ತೆರಿಗೆದಾರರಿಗಷ್ಟೇ ಅನ್ವಯಿಸುತ್ತದೆ. ನೀವು ಅಲ್ಲಿ ತೆರಿಗೆ ಕಟ್ಟುವವರಲ್ಲದಿದ್ದರೆ ಪಾವತಿ ಮಾಡುವಾಗ ಗಿಫ್ಟ್ ಏಡ್ ಚೌಕದಲ್ಲಿ ಗುರುತು ಹಾಕಬೇಡಿ.