ಮ್ಯೂನಿಕ್‌ನಲ್ಲಿ ಸ್ನೇಹಿತರು ಸಿಗುವುದು ಹೇಗೆ, ವಾರಾಂತ್ಯಕ್ಕೆ ಎಲ್ಲಿಗೆ ಹೋಗಬಹುದು?

ಬೆಂಗಳೂರಿನಿಂದ ಕೆಲಸದ ಮೇಲೆ ಮ್ಯೂನಿಕ್‌ಗೆ ಬರುತ್ತಿದ್ದೀರಿ, ಒಬ್ಬರೇ, ಜರ್ಮನ್ ಅಷ್ಟಕ್ಕಷ್ಟೆ. ಜನರ ಪರಿಚಯ ಆಗುವುದು ಹೇಗೆ, ಶನಿವಾರ ಭಾನುವಾರ ಪ್ರೇಗ್, ವಿಯೆನ್ನಾ, ಪ್ಯಾರಿಸ್ ಅಂತ ಸುತ್ತುವುದು ಹೇಗೆ ಎಂದು ಕೇಳಿದ್ದೀರಿ. ಎರಡಕ್ಕೂ ಸೇರಿಸಿಯೇ ಬರೆಯುತ್ತೇನೆ, ಯಾಕೆಂದರೆ ಎರಡೂ ನಿಮ್ಮ ಅದೇ ಒಂದು ಶನಿವಾರದ ಮೇಲೆ ಕಣ್ಣಿಟ್ಟಿವೆ. ಪ್ರತಿ ವಾರ ಊರು ಬಿಟ್ಟು ಹೋಗುವವರ ಫೋನಿನಲ್ಲಿ ಎರಡು ವರ್ಷದ ಮೇಲೆ ಬೇಕಾದಷ್ಟು ಫೋಟೋ ಇರುತ್ತವೆ, ಜ್ವರ ಬಂದರೆ ಮಾತ್ರೆ ತಂದುಕೊಡುವವರು ಮಾತ್ರ ಇರುವುದಿಲ್ಲ. ತಿಂಗಳಲ್ಲಿ ಎರಡು ವಾರಾಂತ್ಯ ಊರಲ್ಲೇ, ಒಂದೆರಡು ದಿನ ಹತ್ತಿರದ ಊರಿಗೆ, ದೂರದ ಪ್ರವಾಸ ಎರಡು ತಿಂಗಳಿಗೊಮ್ಮೆ. ಮೊದಲ ವರ್ಷಕ್ಕೆ ಈ ಲೆಕ್ಕ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಪರಿಚಯ ಬೆಳೆಯುವುದು ಹಾಜರಿಯ ಮೇಲೆ. ಅದೇ ಜನ, ಅದೇ ಜಾಗ, ಪ್ರತಿ ಮಂಗಳವಾರ ಸಂಜೆ ಏಳು ಗಂಟೆ. ಜರ್ಮನರು ಇದಕ್ಕೆಂದೇ ಕಟ್ಟಿಕೊಂಡ ಏರ್ಪಾಡು ಫೆರಾಯ್ನ್, ಅಂದರೆ ಸಂಘ. ಏಳು ಜನ ಕೂಡಿದರೆ ಸಂಘವನ್ನು ನೋಂದಾಯಿಸಬಹುದು, ಹಾಗಾಗಿ ಬ್ಯಾಡ್ಮಿಂಟನ್, ಚೆಸ್, ಸಮೂಹಗಾನ, ತೋಟಗಾರಿಕೆ, ಕ್ರಿಕೆಟ್ ಎಲ್ಲಕ್ಕೂ ಒಂದೊಂದು ಇದೆ. ನಿಮ್ಮ ಬಡಾವಣೆಯ ಹೆಸರಿನ ಜೊತೆ ಆಟದ ಹೆಸರು ಹಾಕಿ ಹುಡುಕಿ, 'ಪ್ರೋಬೆಟ್ರೈನಿಂಗ್‌ಗೆ ಬರಬಹುದೇ' ಎಂದು ಮೇಲ್ ಮಾಡಿ. ಸೇರುವ ಮುಂಚೆ ಒಂದೆರಡು ಸಲ ಹಣವಿಲ್ಲದೆ ಆಡಿ ನೋಡುವ ಅವಕಾಶಕ್ಕೆ ಆ ಹೆಸರು. ಹಿಡಿಸಿದರೆ ಅರ್ಜಿ ತುಂಬುತ್ತೀರಿ, ಶುಲ್ಕ ನೇರವಾಗಿ ಬ್ಯಾಂಕ್ ಖಾತೆಯಿಂದ ಕಡಿತವಾಗುತ್ತದೆ. ಸಹಿ ಹಾಕುವ ಮುನ್ನ ಬಿಡುವ ನಿಯಮ ಓದಿ. ಎಷ್ಟೋ ಸಂಘಗಳಲ್ಲಿ ವರ್ಷದ ಕೊನೆಗೆ ಮಾತ್ರ ಬಿಡಬಹುದು, ಅದನ್ನೂ ಕೆಲವು ವಾರ ಮುಂಚೆ ಬರೆದು ತಿಳಿಸಿರಬೇಕು.

ಎಡವಟ್ಟಾಗುವುದು ಎಲ್ಲಿ ಗೊತ್ತೇ? ಎರಡು ಸಲ ಹೋಗುತ್ತಾರೆ, ಯಾರೂ ಮಾತಾಡಿಸಲಿಲ್ಲ ಅಂತ ಬೇಸರಪಟ್ಟು ನಿಲ್ಲಿಸುತ್ತಾರೆ. ಆಟದ ಹೊತ್ತಿನಲ್ಲಿ ಇಲ್ಲಿ ಯಾರೂ ಹರಟುವುದಿಲ್ಲ. ಮಾತು ಶುರುವಾಗುವುದು ಆಟ ಮುಗಿದ ಮೇಲೆ, ಪಕ್ಕದ ಹೋಟೆಲಿನಲ್ಲಿ ಏನಾದರೂ ಕುಡಿಯಲು ಕೂತಾಗ. ಆ ಒಂದು ಗಂಟೆ ತಪ್ಪಿಸಿಕೊಂಡು ಮನೆಗೆ ಓಡಿದರೆ ಸಂಘ ಸೇರಿದ್ದೂ ಜಿಮ್ ಸೇರಿದ್ದೂ ಒಂದೇ. ಬಿಯರ್ ಕುಡಿಯದಿದ್ದರೆ ಆಪ್ಫೆಲ್‌ಶೋರ್ಲೆ ಹೇಳಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು. ಯಾಕೆ ಕುಡಿಯಲ್ಲ ಅಂತ ಯಾರೂ ಕೆದಕುವುದಿಲ್ಲ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು, ಅದನ್ನು ಮಾತ್ರ ಗಮನಿಸುತ್ತಾರೆ.

ಭಾಷೆಗೆ ಫೋಲ್ಕ್ಸ್‌ಹೋಖ್‌ಶೂಲೆ ಇದೆ, ವಯಸ್ಕರಿಗಾಗಿ ನಗರಾಡಳಿತವೇ ನಡೆಸುವ ಶಾಲೆ. ಖಾಸಗಿ ತರಗತಿಗಿಂತ ಶುಲ್ಕ ಕಡಿಮೆ, ಸಂಜೆಯ ತರಗತಿಗಳು ಬೇಗ ಭರ್ತಿಯಾಗುತ್ತವೆ, ಆದ್ದರಿಂದ ನೋಂದಣಿ ತೆರೆದ ವಾರವೇ ಹೆಸರು ಕೊಡಿ. ಮೊದಲ ಸ್ನೇಹಿತರು ಜರ್ಮನರೇ ಆಗಬೇಕೆಂಬ ಹಟ ಬೇಡ. ತರಗತಿಯಲ್ಲಿ ಪಕ್ಕ ಕೂತ ಬ್ರೆಜಿಲ್‌ನವರಿಗೋ ಟರ್ಕಿಯವರಿಗೋ ಶನಿವಾರ ಸಂಜೆ ನಿಮ್ಮಷ್ಟೇ ಖಾಲಿ ಇರುತ್ತದೆ.

ಬೆಟ್ಟ ಹತ್ತುವ ಆಸೆ ಇದ್ದರೆ ಜರ್ಮನ್ ಆಲ್ಪ್ಸ್ ಸಂಘ ಸೇರಿ. 1869ರಲ್ಲಿ ಹುಟ್ಟಿದ್ದು ಮ್ಯೂನಿಕ್‌ನಲ್ಲೇ, ಮ್ಯೂನಿಕ್ ಮತ್ತು ಓಬರ್‌ಲಾಂಡ್ ಶಾಖೆಗಳೆರಡೂ ಇಲ್ಲೇ ಇವೆ. ಸದಸ್ಯರಿಗೆ ಬೆಟ್ಟದ ಮೇಲಿನ ಸಂಘದ ವಸತಿಗಳಲ್ಲಿ ಹಾಸಿಗೆಗೆ ರಿಯಾಯಿತಿ, ಬಿದ್ದು ಪೆಟ್ಟಾದರೆ ರಕ್ಷಣಾ ವಿಮೆ, ಮುಂದಾಳು ಇರುವ ಗುಂಪು ಚಾರಣ. ಮೇಲೆ ಉಳಿಯುವಾಗ ಚಾದರದಂಥ ತೆಳು ಮಲಗುಚೀಲ ನಿಮ್ಮದೇ ಇರಬೇಕು, ಕಿಸೆಯಲ್ಲಿ ನಗದೂ ಇರಲಿ.

ಸಹೋದ್ಯೋಗಿಗಳ ವಿಷಯ. 'ಯಾವಾಗಲಾದರೂ ಸಿಗೋಣ' ಅಂದರೆ ಇಲ್ಲಿ ಸಿಗುವುದಿಲ್ಲ ಅಂತಲೇ. ತಾರೀಕು, ಗಂಟೆ, ಜಾಗ ಹೇಳಿ, ಅದೂ ಎರಡು ಮೂರು ವಾರ ಮೊದಲು. ಒಪ್ಪಿದವರು ಮತ್ತೆ ನೆನಪಿಸದೆ ಬರುತ್ತಾರೆ. ನೀವೂ ಏಳಕ್ಕೆ ಅಂದರೆ ಏಳಕ್ಕೆ ಇರಬೇಕು, ಹತ್ತು ನಿಮಿಷ ತಡವಾದರೆ ಸಂದೇಶ ಕಳಿಸಬೇಕು. ಮನೆಗೆ ಕರೆದರೆ 'ಏನು ತರಲಿ' ಎಂದು ಕೇಳಿ. 'ಸಲಾಡ್ ತನ್ನಿ' ಅಂದರೆ ಅದು ಉಪಚಾರದ ಮಾತಲ್ಲ, ನಿಜವಾಗಿಯೂ ಸಲಾಡ್ ನಿಮ್ಮ ಪಾಲಿಗೆ ಬಂದಿದೆ. ಹುಟ್ಟುಹಬ್ಬಕ್ಕೆ ಕೇಕ್ ತರುವುದು ಹುಟ್ಟುಹಬ್ಬ ಯಾರದ್ದೋ ಅವರೇ, ನಮ್ಮ ಆಫೀಸುಗಳ ಟ್ರೀಟ್ ಇದ್ದ ಹಾಗೆ. ಆದರೆ ಶುಭಾಶಯವನ್ನು ಹಿಂದಿನ ದಿನವೇ ಹೇಳಬೇಡಿ, ಅಪಶಕುನ ಎನ್ನುವ ನಂಬಿಕೆ ಗಟ್ಟಿಯಾಗಿದೆ.

ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಉಳಿದ ದಿನವೂ ರಾತ್ರಿ ಎಂಟಕ್ಕೆ ಮುಚ್ಚುತ್ತವೆ. ಶನಿವಾರ ಸಂಜೆ ಹಾಲು, ತರಕಾರಿ ಮರೆತರೆ ಮುಖ್ಯ ರೈಲು ನಿಲ್ದಾಣದ ಅಂಗಡಿಯೇ ಗತಿ. ಅವತ್ತು ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವ ಹಾಗೂ ಇಲ್ಲ. ಇದರಿಂದ ಒಂದು ಅನುಕೂಲವೂ ಇದೆ: ಭಾನುವಾರ ಯಾರಿಗೂ ಸಾಮಾನು ತರುವ ಓಡಾಟ ಇರುವುದಿಲ್ಲ, ಕರೆದರೆ ಬರುತ್ತಾರೆ. ಆಲ್ಟೆ ಪಿನಾಕೊಟೆಕ್, ಪಿನಾಕೊಟೆಕ್ ಡೆರ್ ಮೊಡೆರ್ನೆಯಂಥ ಕಲಾಸಂಗ್ರಹಾಲಯಗಳ ಪ್ರವೇಶ ಅವತ್ತು 1 ಯೂರೋ. ಚಳಿಗಾಲದಲ್ಲಿ ಪರಿಚಯದವರನ್ನು ಕರೆಯಲು ಇದಕ್ಕಿಂತ ಅಗ್ಗದ ನೆಪವಿಲ್ಲ.

ಬೇಸಿಗೆಗೆ ಬಿಯರ್ ಗಾರ್ಡನ್. ಸಸ್ಯಾಹಾರಿ ಕನ್ನಡಿಗರಿಗೆ ಈ ಊರು ಕೊಟ್ಟ ದೊಡ್ಡ ಉಪಕಾರ ಇದೇ ಎನ್ನಬೇಕು, ಯಾಕೆಂದರೆ ಊಟದ ಡಬ್ಬಿ ಮನೆಯಿಂದ ಒಯ್ಯಬಹುದು. 1812ರಲ್ಲಿ ಬವೇರಿಯಾದ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್, ಬಿಯರ್ ತಯಾರಿಸುವವರು ತಮ್ಮ ನೆಲಮಾಳಿಗೆಗಳ ಬಳಿ ಬಿಯರ್ ಮಾರಬಹುದು, ಬ್ರೆಡ್ ಬಿಟ್ಟು ಬೇರೆ ಊಟ ಮಾರಬಾರದು ಎಂದು ಕಟ್ಟಳೆ ಮಾಡಿದ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು, ಆ ಪದ್ಧತಿ ಇವತ್ತಿಗೂ ಉಳಿದಿದೆ. ಹಾಸು ಬಟ್ಟೆ ಇಲ್ಲದ ಮರದ ಮೇಜು ನೋಡಿ ಕೂರಿ. ಬಟ್ಟೆ ಹಾಸಿದ್ದರೆ ಅಲ್ಲಿ ಊಟ ಬಡಿಸುತ್ತಾರೆ, ಡಬ್ಬಿ ಬಿಚ್ಚುವಂತಿಲ್ಲ. ಶ್ಟಾಮ್‌ಟಿಶ್ ಎಂಬ ಫಲಕ ಇದ್ದರೆ ಅದು ಕಾಯಂ ಗಿರಾಕಿಗಳ ಮೇಜು, ಕೂರಬೇಡಿ. ಪಾನೀಯವನ್ನು ಅಲ್ಲೇ ಕೊಳ್ಳಬೇಕು, ಲೋಟಕ್ಕೆ ಠೇವಣಿ ಇರುತ್ತದೆ, ಹಿಂತಿರುಗಿಸಿದರೆ ವಾಪಸ್ ಕೊಡುತ್ತಾರೆ. ಹಿರ್ಷ್‌ಗಾರ್ಟನ್‌ನಲ್ಲಿ ಸುಮಾರು 8000 ಜನ ಕೂರಬಹುದು. ಅಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಎದುರು ಕೂತವರಿಗೂ ಒಂದು ಚಮಚ ಕೊಡಿ, ಮಿಕ್ಕ ಮಾತು ತಾನಾಗಿ ನಡೆಯುತ್ತದೆ.

ಹೋಟೆಲಿನ ಊಟದಲ್ಲಿ ಹುಷಾರು. ಬವೇರಿಯಾದ ಆಲೂಗಡ್ಡೆ ಸಲಾಡಿಗೆ ಎಷ್ಟೋ ಕಡೆ ಮಾಂಸದ ಸಾರು ಹಾಕುತ್ತಾರೆ, ಹುಳಿ ಎಲೆಕೋಸಿನಲ್ಲಿ ಹಂದಿಯ ಕೊಬ್ಬೋ ತುಣುಕೋ ಇರಬಹುದು. 'ಮಾಂಸ ಬೇಡ' ಅಂದರೆ ಸಾರು ಲೆಕ್ಕಕ್ಕೆ ಬರದೆ ಹೋಗುತ್ತದೆ, 'ವೆಗೆಟಾರಿಶ್' ಎಂದೇ ಕೇಳಿ. ಚೀಸ್ ಬೆರೆಸಿದ ಶಾವಿಗೆಯಂಥ ಕೇಸೆಶ್ಪೆಟ್ಸ್ಲೆ ಮತ್ತು ಗಂಟಿನಾಕಾರದ ಬ್ರೆಡ್ ಬ್ರೆಟ್ಸೆಲ್ ಎಲ್ಲೆಲ್ಲೂ ಸಿಗುತ್ತವೆ. ಕುಡಿಯುವ ನೀರಿಗೂ ದುಡ್ಡು. ಟಿಪ್ಸ್ ಐದರಿಂದ ಹತ್ತು ಶೇಕಡಾ, ಅದನ್ನು ಮೇಜಿನ ಮೇಲೆ ಬಿಟ್ಟು ಬರದೆ ಬಿಲ್ ಕೊಡುವಾಗ ಒಟ್ಟು ಮೊತ್ತವನ್ನೇ ಬಾಯಲ್ಲಿ ಹೇಳುತ್ತಾರೆ.

ಕನ್ನಡದವರ ಸಿರಿಗನ್ನಡ ಕೂಟ ಮ್ಯೂನಿಕ್‌ನಲ್ಲಿದೆ, ಯುಗಾದಿ, ರಾಜ್ಯೋತ್ಸವಕ್ಕೆ ಹೋಗಿ. ಮನೆ ಹುಡುಕುವುದಕ್ಕೂ ಈ ಪರಿಚಯಗಳು ಒದಗುತ್ತವೆ. ನಮ್ಮವರ ವಾಟ್ಸಾಪ್ ಗುಂಪಿನಲ್ಲೇ ವಾರವಿಡೀ ಮುಳುಗಿದರೆ ಮಾತ್ರ ನಿಮ್ಮ ಎ1, ಅಂದರೆ ಆರಂಭದ ಹಂತದ ಜರ್ಮನ್, ಎ1 ಆಗಿಯೇ ಉಳಿಯುತ್ತದೆ.

ಇನ್ನು ತಿರುಗಾಟ. ಮೊದಲು ಕಾಗದಪತ್ರ. ಜರ್ಮನಿಯ ವಾಸದ ಕಾರ್ಡ್ ಮತ್ತು ಪಾಸ್‌ಪೋರ್ಟ್ ಇದ್ದರೆ ಒಂದೇ ವೀಸಾ ವ್ಯವಸ್ಥೆ ಇರುವ ಉಳಿದ ಶೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ತಿರುಗಬಹುದು. ಬ್ರಿಟನ್, ಐರ್ಲೆಂಡ್ ಇದರಲ್ಲಿ ಸೇರಿಲ್ಲ, ಅವಕ್ಕೆ ಬೇರೆ ವೀಸಾ ಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಸುತ್ತಿದೆ. ಸಾಲ್ಸ್‌ಬರ್ಗ್‌ನಿಂದ ಸಂಜೆ ಮರಳುವ ರೈಲಿಗೆ ಪೊಲೀಸರು ಹತ್ತುವುದು ಸಾಮಾನ್ಯ. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಕಾರ್ಡ್ ನವೀಕರಣಕ್ಕೆ ಹಾಕಿ ತಾತ್ಕಾಲಿಕ ಪತ್ರದ ಮೇಲೆ ಇದ್ದೀರಾದರೆ ಅದರಲ್ಲಿ ಯಾವ ಕಲಮು ಗುರುತಾಗಿದೆ ನೋಡಿ. ವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮು ಆದರೆ ಮರಳಿ ಬರಬಹುದು, 3ನೇ ಉಪಕಲಮು ಆದರೆ ದೇಶ ಬಿಟ್ಟರೆ ಒಳಗೆ ಬರಲು ಅದು ಸಾಲದು. ಪ್ರೇಗ್ ಟಿಕೆಟ್ ಕೊಂಡ ಮೇಲೆ ಇದನ್ನು ಓದುವವರೇ ಜಾಸ್ತಿ.

ಬಂದ ತಿಂಗಳೇ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿದ್ದು, 2026ರ ಜನವರಿಯಿಂದ ತಿಂಗಳಿಗೆ 63. ಊರಿನ ಬಸ್ಸು, ಟ್ರಾಮು, ಮೆಟ್ರೋ ಮತ್ತು ದೇಶದ ಎಲ್ಲ ಪ್ರಾದೇಶಿಕ ರೈಲುಗಳೂ ಇದರಲ್ಲೇ ಬಂದವು. ನಿಮ್ಮ ಕಂಪನಿ ಇದಕ್ಕೆ ಸಹಾಯಧನ ಕೊಡುತ್ತದೆಯೇ ಎಂದು ಎಚ್‌ಆರ್‌ನವರನ್ನು ಕೇಳಿ. ಇದು ತಾನಾಗಿ ಮುಂದುವರಿಯುವ ಚಂದಾ. ನಿಲ್ಲಿಸಬೇಕಾದರೆ ತಿಂಗಳ 10ನೇ ತಾರೀಕಿನೊಳಗೆ ತಿಳಿಸಬೇಕು. ಐಸಿಇ, ಐಸಿಯಂಥ ದೂರದ ರೈಲುಗಳಿಗೆ ಇದು ನಡೆಯುವುದಿಲ್ಲ, ನಿಮ್ಮ ರೈಲು ತಡವಾಯಿತು ಅಂತ ಹತ್ತುವಂತೆಯೂ ಇಲ್ಲ. ಸಿಕ್ಕಿಬಿದ್ದರೆ ದಂಡ ತೆರಬೇಕು. ಊರಿನಿಂದ ಅಪ್ಪ ಅಮ್ಮ ಬಂದಾಗ ಬಯರ್ನ್ ಟಿಕೆಟ್ ತೆಗೆಯಿರಿ, ಬವೇರಿಯಾದ ಪ್ರಾದೇಶಿಕ ರೈಲುಗಳಿಗೆ ಒಂದು ದಿನದ ಟಿಕೆಟ್ ಅದು. ಐದು ಜನರವರೆಗೆ ಒಂದೇ ಟಿಕೆಟ್, ವಾರದ ದಿನ ಬೆಳಿಗ್ಗೆ 9ರಿಂದ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ, ಮರುದಿನ ಬೆಳಗಿನ 3ರವರೆಗೆ. ಹತ್ತುವ ಮೊದಲೇ ಟಿಕೆಟ್ ಮೇಲೆ ಹೆಸರು ಬರೆದಿರಬೇಕು.

ಈ ಎರಡೂ ಟಿಕೆಟ್‌ಗಳಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ಹೋಗಬಹುದು, ಎರಡು ಗಂಟೆಗೆ ಸ್ವಲ್ಪ ಕಡಿಮೆ. ಆದರೆ ನನ್ನನ್ನು ಕೇಳಿದರೆ ಮೊದಲ ಪ್ರವಾಸಕ್ಕೆ ಆಗ್ಸ್‌ಬರ್ಗ್. ಮುಕ್ಕಾಲು ಗಂಟೆ, ಜನಜಂಗುಳಿ ಇಲ್ಲ. 1521ರಲ್ಲಿ ಯಾಕೋಬ್ ಫುಗ್ಗರ್ ಬಡವರಿಗಾಗಿ ಕಟ್ಟಿಸಿದ ಫುಗ್ಗರೈ ಬಡಾವಣೆಯಲ್ಲಿ ಈಗಲೂ ಜನ ವಾಸವಿದ್ದಾರೆ, ವರ್ಷದ ಮೂಲ ಬಾಡಿಗೆ 88 ಸೆಂಟ್! ಮ್ಯೂನಿಕ್‌ನಲ್ಲಿ ಮನೆ ಹುಡುಕುತ್ತಿರುವವರು ಮನಸ್ಸು ಗಟ್ಟಿ ಮಾಡಿಕೊಂಡೇ ನೋಡಬೇಕು. ರೇಗನ್ಸ್‌ಬರ್ಗ್‌ಗೆ ಒಂದೂವರೆ ಗಂಟೆ, 12ನೇ ಶತಮಾನದ ಕಲ್ಲಿನ ಸೇತುವೆ ದಾಟಿ ಹಳೇ ಪೇಟೆಯಲ್ಲಿ ಸುಮ್ಮನೆ ನಡೆಯಲು. ಉಲ್ಮ್ ಚರ್ಚಿನ ಗೋಪುರ 161.5 ಮೀಟರ್, ಮೆಟ್ಟಿಲು 768, ಲಿಫ್ಟ್ ಇಲ್ಲ. ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದ 600ನೇ ನಂಬರ್ ಕೋರ್ಟ್ ಕೊಠಡಿಗೆ ಹೋಗಿ, ಆದರೆ ಮಂಗಳವಾರ ಮುಚ್ಚಿರುತ್ತದೆ. ಎಲ್ಲರೂ ಓಡುವ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ಫ್ಯೂಸೆನ್‌ವರೆಗೆ ಎರಡು ಗಂಟೆ ರೈಲು, ಆಮೇಲೆ ಬಸ್ಸು, ಆಮೇಲೆ ಅರ್ಧ ಮುಕ್ಕಾಲು ಗಂಟೆ ಏರು. ಒಳಗೆ ಹೋಗುವ ಟಿಕೆಟ್‌ಗೆ ನಿಗದಿತ ಸಮಯ ಇರುತ್ತದೆ, ತಪ್ಪಿದರೆ ಹಣ ಹೋಯಿತು. ಆನ್‌ಲೈನಿನಲ್ಲಿ ಮೊದಲೇ ಕೊಳ್ಳಿ, ಬೇಕಾದದ್ದಕ್ಕಿಂತ ಒಂದು ಮುಂಚಿನ ರೈಲಿಗೇ ಹೊರಡಿ.

ಹೊಸಬರು ಮೋಸಹೋಗುವುದು ಎರಡು ಕಡೆ. ಒಂದು, ಮ್ಯೂನಿಕ್ ಮುಖ್ಯ ನಿಲ್ದಾಣದ 5ರಿಂದ 10 ಮತ್ತು 27ರಿಂದ 36ನೇ ಪ್ಲಾಟ್‌ಫಾರ್ಮ್‌ಗಳು ಪಕ್ಕದ ರೆಕ್ಕೆಗಳಲ್ಲಿ, ದೂರದಲ್ಲಿವೆ. ಆಲ್ಪ್ಸ್ ಬೆಟ್ಟದ ಊರು ಗಾರ್ಮಿಶ್ ಕಡೆಯ ರೈಲು ಹಿಡಿಯಲು ಹತ್ತು ನಿಮಿಷ ಕೈಯಲ್ಲಿರಲಿ. ಇನ್ನೊಂದು, ದಾರಿಯಲ್ಲಿ ಒಡೆಯುವ ರೈಲು. ಟೇಗರ್ನ್‌ಸೇ, ಬೈರಿಶ್‌ಜೆಲ್, ಲೆಂಗ್ರೀಸ್ ಎಂಬ ಬೆಟ್ಟದ ಬದಿಯ ಮೂರೂ ಊರಿಗೆ ಒಂದೇ ರೈಲು ಹೊರಟು ಹೋಲ್ಟ್ಸ್‌ಕಿರ್ಶನ್ ಮತ್ತು ಶಾಫ್ಟ್‌ಲಾಖ್ ನಿಲ್ದಾಣಗಳಲ್ಲಿ ಬೇರೆಯಾಗುತ್ತದೆ. ಹತ್ತುವಾಗ ಬೋಗಿಯ ಮೇಲಿನ ಫಲಕ ನೋಡದಿದ್ದರೆ ಟೇಗರ್ನ್‌ಸೇ ಕೆರೆಗೆ ಹೊರಟವರು ಬೇರೆ ಕಣಿವೆ ಸೇರುತ್ತೀರಿ. ಎಸ್-ಬಾನ್ ಎಂಬ ಉಪನಗರ ರೈಲಿನ, ಊರೊಳಗಿನ ಮುಖ್ಯ ಹಳಿಯನ್ನು ದುರಸ್ತಿಗೆಂದು ವಾರಾಂತ್ಯದಲ್ಲೇ ಮುಚ್ಚುವುದು ಮಾಮೂಲಿ, ಹಿಂದಿನ ರಾತ್ರಿ ಆ್ಯಪ್ ನೋಡಿ ಮಲಗಿ. ಮರಳುವಾಗ ಕೊನೆಯ ರೈಲನ್ನೇ ನಂಬಬೇಡಿ, ಅದಕ್ಕಿಂತ ಒಂದು ಮುಂಚಿನದಕ್ಕೆ ಯೋಜನೆ ಹಾಕಿ.

ದೂರದ ಊರಿಗೆ ಅಗ್ಗದ ಟಿಕೆಟ್ ಬೇಕಾದರೆ ಒಂದೆರಡು ತಿಂಗಳು ಮೊದಲೇ ಕೊಳ್ಳಬೇಕು. ಅಗ್ಗದ್ದು ಆ ಒಂದು ರೈಲಿಗೆ ಮಾತ್ರ. ಆದರೆ ತಲುಪುವುದು 20 ನಿಮಿಷವೋ ಹೆಚ್ಚೋ ತಡ ಎಂದು ಗೊತ್ತಾದರೆ ಆ ಕಟ್ಟು ಸಡಿಲಾಗುತ್ತದೆ, ಬೇರೆ ರೈಲು ಹಿಡಿಯಬಹುದು. 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ಆದರೆ ಅರ್ಧ ವಾಪಸ್, ಆ್ಯಪ್‌ನಲ್ಲೇ ಕೇಳಬಹುದು. ವಿಯೆನ್ನಾ ನೇರ ರೈಲಿನಲ್ಲಿ ನಾಲ್ಕು ಗಂಟೆ, ಎರಡು ದಿನಕ್ಕೆ ಸರಿಯಾದ ಊರು. ವೆರೋನಾಗೆ ಐದೂವರೆ, ಬ್ರೆನ್ನರ್ ಕಣಿವೆ ಕಿಟಕಿಯಲ್ಲಿ ಕಾಣುತ್ತದೆ. ಪ್ರೇಗ್‌ಗೂ ಐದು ಗಂಟೆಗೆ ಕಡಿಮೆಯಿಲ್ಲ. ಅಲ್ಲಿ ಯೂರೋ ಅಲ್ಲ, ಕೊರುನಾ. ಬೀದಿಯ ಹಣ ಬದಲಿಸುವ ಅಂಗಡಿಗಿಂತ ಕಾರ್ಡ್ ವಾಸಿ. ಜೂರಿಕ್‌ಗೆ ಹೋದರೆ ಗಡಿ ದಾಟುವ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ, ಯುರೋಪಿಯನ್ ಒಕ್ಕೂಟದ ರೋಮಿಂಗ್ ನಿಯಮ ಸ್ವಿಟ್ಜರ್‌ಲೆಂಡ್‌ಗೆ ಅನ್ವಯಿಸುವುದಿಲ್ಲ. ಪ್ಯಾರಿಸ್ ಎರಡು ದಿನದ ಊರೇ ಅಲ್ಲ. ಮೇ, ಜೂನ್‌ನಲ್ಲಿ ಗುರುವಾರ ಬೀಳುವ ಎರಡು ಕ್ರೈಸ್ತ ಹಬ್ಬಗಳಿವೆ, ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ. ಆ ರಜೆಯನ್ನು ಜನವರಿಯಲ್ಲೇ ಕೇಳಿಡಿ, ನಿಮ್ಮ ತಂಡದವರು ಆಗಲೇ ಕೇಳಿರುತ್ತಾರೆ.

ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ, ಇಲ್ಲಿ ವಾಸ ಶುರುವಾದ ಮೇಲೆ ಭಾರತದ ಲೈಸೆನ್ಸ್ ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಲಿಖಿತ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಿ ಜರ್ಮನ್ ಲೈಸೆನ್ಸ್ ಪಡೆಯಬೇಕು. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಹೆದ್ದಾರಿ ಸುಂಕ ಕಟ್ಟಿದ ಚೀಟಿ ಬೇಕು, ಗಡಿಗೆ ಮೊದಲೇ ಕೊಂಡಿರಬೇಕು.